ಸೇತುವೆ ದಾಟದ ನಾಯಿ

ಬೆಳಿಗ್ಗೆ ಆಫೀಸಿಗೆ ಬರುತ್ತಲೇ ವ್ಯವಸ್ಥಾಪಕ ನಿಂತಲ್ಲಿಂದಲೇ ವಿಷಯ ಹೇಳಿದ. ಗೇಮ್ ಸಂಜೆ ಐದಕ್ಕೆ ವಿತರಕರ ಕೈಸೇರಬೇಕು. ಅದರಲ್ಲಿ ಒಂದು ಕೋಣೆ ಇರುವುದಿಲ್ಲ.

"ನೆಲಮಾಳಿಗೆಯ ಬಾಗಿಲು. ತೆರೆಯದ ಬಾಗಿಲು ಯಾರಿಗೆ ಬೇಕು? ಅದರ ಹಿಂದಿನ ಕೋಣೆಯ ಭಾರಕ್ಕೆ ಮೆಟ್ಟಿಲ ಮೇಲೆ ಆಟ ಏದುಸಿರು ಬಿಟ್ಟು ನಿಂತುಬಿಡುತ್ತೆ. ತೆಗೆದುಬಿಡಿ."

ತೆಗೆಯಬೇಕಾದವನು ಕೋಡ್ ಬರೆಯುವ ತಾತ. ವಯಸ್ಸಿನಿಂದ ತಾತನಲ್ಲ, ಮೂವತ್ತಕ್ಕೇ ಬೆಳ್ಳಗಾದ ತಲೆಯಿಂದ ತಾತ. ಅವನು ಪಕ್ಕದ ಮೇಜಿನ ಕಡೆ ನೋಡಿದ. ಅಲ್ಲಿ ಜಿಗಣೆ ಕೂತಿದ್ದಳು. ಗೇಮಿನ ತಪ್ಪು ಹುಡುಕುವುದು ಅವಳ ಕೆಲಸ. ಸಿಕ್ಕ ತಪ್ಪನ್ನು ಅದು ಸರಿಯಾಗುವವರೆಗೆ ಬಿಡುತ್ತಿರಲಿಲ್ಲವಾದ್ದರಿಂದ ಆ ಹೆಸರು. ಹೆಸರಿಟ್ಟವನು ಅವಳ ಅಣ್ಣ. ಈ ಗೇಮಿನ ಬೆಟ್ಟ, ಸೇತುವೆ, ಒಗಟು ಎಲ್ಲವನ್ನೂ ಕಟ್ಟಿದವನೂ ಅವನೇ. ಕೆಲಸ ಇನ್ನೂ ಅರ್ಧ ಇರುವಾಗ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಕುಸಿದು ಬಿದ್ದು ತೀರಿಕೊಂಡಿದ್ದ.

"ಆ ಬಾಗಿಲು ತೆರೆಯುತ್ತೆ," ಅಂದಳು ಜಿಗಣೆ.

"ಹೇಗೆ?"

"ಗೊತ್ತಿಲ್ಲ."

"ನೋಡಿ, ನಿಮ್ಮ ಅಣ್ಣನ ಮೇಲೆ ನನಗೂ ಗೌರವ ಇದೆ," ವ್ಯವಸ್ಥಾಪಕ ದನಿ ಇಳಿಸಿದ. "ಆದ್ರೆ ಅವರು ಯಾರಿಗೂ ಹೇಳದೆ ಹೋದ್ರು. ಆಟಗಾರನೇ ತೆರೀಬಹುದು ಅಂತ ಸಂಜೆ ನಾಲ್ಕರೊಳಗೆ ತೋರಿಸಿ, ಕೋಣೆ ಇಡ್ತೀನಿ. ಕೋಡಿನಲ್ಲಿ ಕೈ ಹಾಕಿ ತೆರೆದದ್ದು ಲೆಕ್ಕಕ್ಕಿಲ್ಲ."

ಅವನು ಹೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಅದೇ ಅವಳನ್ನು ಇನ್ನಷ್ಟು ಕಂಗೆಡಿಸಿತು.

ಗೇಮ್ ಇಷ್ಟು: ಹಿಮದ ಬೆಟ್ಟದ ತುದಿಯಲ್ಲಿ ಗಾಳಿ, ಚಳಿ ಅಳೆಯುವ ಒಂದು ಠಾಣೆ. ಅಲ್ಲಿದ್ದ ಕಾವಲುಗಾರ ಕಾಣೆಯಾಗಿದ್ದಾನೆ. ಅವನ ಜಾಗಕ್ಕೆ ಹೊರಟ ಹೊಸಬನೇ ಆಟಗಾರ. ಕೈಯಲ್ಲಿ ಒಂದು ಲಾಂದ್ರ. ಬೆಟ್ಟದ ಬುಡದಲ್ಲಿ ಒಂದು ಮುದಿ ನಾಯಿ ಎದ್ದು ಕುಂಟುತ್ತಾ ಹಿಂದೆ ಬರುತ್ತದೆ, ತೂಗುಸೇತುವೆಯ ಹತ್ತಿರ ನಿಂತು ಬೊಗಳಿ ಕೂತುಬಿಡುತ್ತದೆ. ಆಟಗಾರ ಒಬ್ಬನೇ ದಾಟಿ ಮೇಲೆ ಹೋಗಿ, ಕೋಣೆಕೋಣೆಯ ಒಗಟು ಬಿಡಿಸಿ, ಕೊನೆಗೆ ಕಾವಲುಗಾರನ ಒಂದು ಜೊತೆ ಬೂಟು ಮಾತ್ರ ಕಂಡು, ಅವನು ನಿಲ್ಲಿಸಿದ್ದ ಗಾಳಿಯಂತ್ರವನ್ನು ಮತ್ತೆ ತಿರುಗಿಸಿ ಇಳಿದು ಬರುತ್ತಾನೆ. ಕಾವಲುಗಾರ ಸಿಗುವುದಿಲ್ಲ. ಮೊದಲೇ ಆಡಿ ನೋಡಿದ ಕೆಲವರು ಈ ಮುಕ್ತಾಯ ಹೊಟ್ಟೆಯಲ್ಲಿ ಕಲ್ಲು ಇಟ್ಟಂತಿದೆ ಎಂದು ಬರೆದಿದ್ದರು.

ನೆಲಮಾಳಿಗೆಯ ಬಾಗಿಲಿಗೆ ಹಿಡಿಯಿಲ್ಲ, ಬೀಗದ ಕಣ್ಣಿಲ್ಲ. ಬುಡದಲ್ಲಿ ಒಂದು ಹಲಗೆ ಸಡಿಲವಾಗಿದೆ. ಬಾಗಿಲು ತೆರೆಯುವುದಿಲ್ಲ ಎಂದು ಒಂದು, ಹಲಗೆ ಚಿತ್ರ ಬರೆದವರ ತಪ್ಪು ಎಂದು ಇನ್ನೊಂದು ದೂರನ್ನು ಜಿಗಣೆಯೇ ಹಾಕಿದ್ದಳು. ಅಣ್ಣ ನಕ್ಕಿದ್ದ. "ಬಾಗಿಲಿಗೇನೂ ಆಗಿಲ್ಲ. ನಿಮಗೆ ತಾಳ್ಮೆ ಇಲ್ಲ, ಅಷ್ಟೆ." ಇನ್ನೊಂದು ಸುಳಿವು ಕೊಡು ಅಂದರೆ, "ಜಿಗಣೆಗೆ ಸುಳಿವು ಯಾಕೆ? ಕಚ್ಚಿ ಹಿಡ್ಕೋ," ಅಂದಿದ್ದ. ಚಿಕ್ಕಂದಿನಿಂದಲೂ ಅವನು ಹಾಗೇ. ಅವಳ ಚಪ್ಪಲಿ ಬಚ್ಚಿಟ್ಟು, ಅವಳು ಅಳುವವರೆಗೆ ಕಾದು, ಅತ್ತ ಮೇಲೂ ಹೇಳುತ್ತಿರಲಿಲ್ಲ.

ತಾತ ತನ್ನ ಸ್ಕ್ರೀನನ್ನು ಅವಳ ಕಡೆ ತಿರುಗಿಸಿದ. "ಇಲ್ನೋಡು. ಬಾಗಿಲು ಯಾರಿಗೋ ಕಾಯ್ತಾ ಇದೆ. ನಿಮ್ಮಣ್ಣ ಅತಿಥಿ ಅಂತ ಹೆಸರಿಟ್ಟಿದಾನೆ. ಬಂದ್ರೆ ಒಂದು, ಬರದಿದ್ರೆ ಸೊನ್ನೆ. ನಾವು ಎಷ್ಟು ಸಲ ಹೋದ್ರೂ ಸೊನ್ನೆ."

"ಅತಿಥಿ ಅಂದ್ರೆ ಆಟಗಾರ ತಾನೆ?"

"ನಾನೂ ಹಾಗೇ ಅಂದ್ಕೊಂಡಿದ್ದೆ. ಕೋಡಲ್ಲಿ ಒಂದು ಅಂತ ಬರೆದೂ ನೋಡಿದೆ. ಬುಡದ ಹಲಗೆ ಅಲ್ಲಾಡ್ತು. ಬಾಗಿಲು ತೆರೀಲಿಲ್ಲ. ನಿಮ್ಮಣ್ಣ ಇದನ್ನ ಹತ್ತು ಕಡೆ ಚೂರು ಮಾಡಿ ಚೆಲ್ಲಿದಾನೆ ತಾಯಿ, ಗುಡಿಸಿ ಒಟ್ಟು ಮಾಡೋಕೆ ವಾರ ಬೇಕು."

ಜಿಗಣೆ ಮತ್ತೆ ಆಟಕ್ಕೆ ಕೂತಳು. ಪರೀಕ್ಷೆ ಮಾಡುವವರಿಗೆ ಒಂದು ಜಿಗಿತದ ಕೀ ಇದೆ. ಒತ್ತಿದರೆ ಆಟಗಾರ ಬೆಟ್ಟ ಹತ್ತುವ ಕಷ್ಟವಿಲ್ಲದೆ ಬೇಕಾದ ಕೋಣೆಯಲ್ಲಿ ಬಂದು ನಿಲ್ಲುತ್ತಾನೆ. ಅದಿಲ್ಲದೆ ಈ ಕೆಲಸ ಮಾಡಲಾಗುವುದಿಲ್ಲ. ಪ್ರತಿ ಸಲ ಬುಡದಿಂದ ನಡೆದರೆ ಒಂದು ಗೋಡೆ ನೋಡುವುದಕ್ಕೆ ಒಂದು ಹಗಲು ಹೋಗುತ್ತದೆ. ಅವಳು ಒತ್ತಿದಳು, ನೆಲಮಾಳಿಗೆಗೆ ಬಂದಳು. ಲಾಂದ್ರ ಆರಿಸಿ ನೋಡಿದಳು. ಚೀಲದ ಸಾಮಾನೆಲ್ಲ ಬಾಗಿಲ ಮುಂದೆ ಸುರಿದಳು. ಬೂಟು ತಂದಿಟ್ಟಳು. ಗಾಳಿಯಂತ್ರ ಹಿಂದಕ್ಕೆ ತಿರುಗಿಸಿ ಬಂದಳು. ಬಾಗಿಲು ಗೋಡೆಯ ಹಾಗೆ ನಿಂತಿತ್ತು. ಹನ್ನೊಂದಾಯಿತು, ಹನ್ನೆರಡಾಯಿತು. ವ್ಯವಸ್ಥಾಪಕ ಎರಡು ಸಲ ಹಿಂದೆ ಹಾದುಹೋದ.

ಊಟದ ಹೊತ್ತಿಗೆ ಅತ್ತಿಗೆ ಫೋನ್ ಮಾಡಿದಳು.

ಅತ್ತಿಗೆ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಅಂಗಡಿಗಳಿಂದ ಬರುವ ಕೋಟು, ಪ್ಯಾಂಟುಗಳನ್ನು ಗಿರಾಕಿಯ ಅಳತೆಗೆ ಬಿಚ್ಚಿ ಹೊಲಿಯುವ ಕೆಲಸ. ಅವಳ ಹೊಲಿಗೆ ಯಂತ್ರವೂ ಅಣ್ಣನ ಕಂಪ್ಯೂಟರೂ ಒಂದೇ ಕೋಣೆಯಲ್ಲಿ ಎದುರುಬದುರು. ಅವನು ಹೋದ ದಿನದಿಂದ ಅವಳು ಆ ಕಂಪ್ಯೂಟರ್ ಆರಿಸಿಲ್ಲ. ಜಿಗಣೆ ಒಮ್ಮೆ ಹೊಸ್ತಿಲ ತನಕ ಹೋಗಿ, ಸ್ಕ್ರೀನಿನ ಕೆಂಪು ಬೆಳಕು ಗೋಡೆಯ ಮೇಲೆ ಆಡುವುದನ್ನು ನೋಡಿ, ಕಾಫಿ ನೆಪ ಹೇಳಿ ಹಿಂದಿರುಗಿದ್ದಳು. ಆಮೇಲೆ ಆ ಕೋಣೆಗೆ ಹೋಗಿರಲಿಲ್ಲ.

"ಊಟ ಆಯ್ತೇನೇ?"

"ಆಗ್ತಾ ಇದೆ ಅತ್ತಿಗೆ."

"ಸುಳ್ಳು. ಬಾಯಲ್ಲಿ ಏನೂ ಇಲ್ಲ ಅಂತ ಇಲ್ಲಿಗೇ ಕೇಳ್ತಿದೆ. ಇರ್ಲಿ. ಕರೆಂಟಿನವರು ಚೀಟಿ ಅಂಟಿಸಿ ಹೋಗಿದಾರೆ. ಮೂರೂವರೆಯಿಂದ ರಿಪೇರಿಯಂತೆ, ರಾತ್ರಿ ಬರುತ್ತಂತೆ. ನಿಮ್ಮಣ್ಣನ ಕಂಪ್ಯೂಟರ್ ಆರಿದ್ರೆ ಅದು ಹೋಗ್ಬಿಡುತ್ತಾ?"

"ಏನು?"

"ಅದೇ, ಅವರು ಬಿಟ್ಟು ಹೋಗಿದ್ದು. ಬೆಂಕಿ ಮುಂದೆ ಕೂತಿದಾನಲ್ಲ ಅವನು."

"ಹೋಗಲ್ಲ ಅತ್ತಿಗೆ. ಬೆಂಕಿ ಹತ್ರ ಕೂತ್ರೆ ಸೇವ್ ಆಗುತ್ತೆ. ಕರೆಂಟ್ ಬಂದ್ಮೇಲೆ ಹಾಕಿದ್ರೆ ಅಲ್ಲೇ ಇರ್ತಾನೆ."

"ನಾಯೀನೂ ಇರುತ್ತಾ?"

"ಯಾವ ನಾಯಿ?"

"ಯಾವ ನಾಯಿ ಅಂದ್ರೆ? ಅವನ ಪಕ್ಕ ಮಲಗಿರುತ್ತಲ್ಲ. ಹಿಂಗಾಲು ಚಾಚ್ಕೊಂಡು. ಆಗಾಗ ಕಿವಿ ಅಲ್ಲಾಡಿಸುತ್ತೆ."

"ಅತ್ತಿಗೆ, ಬೆಂಕಿ ಎಲ್ಲಿದೆ? ಬೆಟ್ಟದ ಕೆಳಗಾ, ಮೇಲಾ?"

"ನನಗೇನು ಗೊತ್ತು? ಹಿಂದೆ ಒಂದು ಮನೆ ಇದೆ, ಅದರ ಮೇಲೆ ಫ್ಯಾನ್ ಥರ ಒಂದು ಇದೆ, ತಿರುಗಲ್ಲ, ಸುಮ್ನೆ ನಿಂತಿದೆ."

ನಿಂತ ಗಾಳಿಯಂತ್ರ. ಅಂದರೆ ಠಾಣೆಯ ಅಂಗಳ. ಸೇತುವೆ ದಾಟದ ನಾಯಿ ಅಣ್ಣನ ಆಟದಲ್ಲಿ ಬೆಟ್ಟದ ತುದಿಗೆ ಬಂದು ಮಲಗಿತ್ತು.

ಅವಳು ಫೋನ್ ಹಿಡಿದುಕೊಂಡೇ ತಾತನ ಭುಜ ಅಲ್ಲಾಡಿಸಿದಳು. "ಅತಿಥಿ ನಾಯಿ."

ತಾತ ಮೊದಲು ನಗಲಿಲ್ಲ, ಆಮೇಲೆ ನಕ್ಕ. ಜಿಗಿತದ ಕೀ ಒತ್ತಿದಾಗ ಆಟಗಾರ ಮಾತ್ರ ಜಿಗಿಯುತ್ತಾನೆ. ನಾಯಿ ಬೆಟ್ಟದ ಬುಡದಲ್ಲೇ ಉಳಿಯುತ್ತದೆ. ಈ ಆಫೀಸಿನಲ್ಲಿ ಇಷ್ಟು ಕಾಲ ಒಬ್ಬರೂ ಅದನ್ನು ಕರೆದುಕೊಂಡು ಹೋಗಿರಲಿಲ್ಲ. ಅದು ಬೇಕೆಂದು ಯಾರಿಗೂ ತೋಚಿರಲಿಲ್ಲ. ಈಗ ಎಲ್ಲಿ ಹುಡುಕಬೇಕೆಂದು ಗೊತ್ತಾದ ಮೇಲೆ ತಾತನಿಗೆ ಸೇತುವೆಯ ಕೋಡ್ ಬೇಗ ಸಿಕ್ಕಿತು.

"ಲಾಂದ್ರ ಕೆಳಗಿಟ್ಟು ಕೂರಬೇಕು. ಯಾವ ಕೀನೂ ಒತ್ತಬಾರದು. ನಾಯಿ ಮಲಗಿ, ತಾನಾಗೇ ಎದ್ದು, ಆಮೇಲೆ ದಾಟುತ್ತೆ. ಮುಂದೆ ಪ್ರತಿ ಏರಿನಲ್ಲೂ ಇದೇ ಕಥೆ." ಅವನು ತಲೆ ಕೆರೆದುಕೊಂಡ. "ಈಗ ಶುರು ಮಾಡಿದ್ರೆ ನಾಯಿ ಮೇಲೆ ಬರೋದು ನಾಳೆ."

"ಅಣ್ಣನ ಸೇವ್‌ನಲ್ಲಿ ಆಗಲೇ ಬಂದಿದೆ."

ತಾತ ಕೀಬೋರ್ಡಿನಿಂದ ಕೈ ತೆಗೆದ. ಅವಳೇನು ಹೇಳುತ್ತಿದ್ದಾಳೆಂದು ಅವನಿಗೆ ಅವಳಿಗಿಂತ ಮೊದಲೇ ಅರ್ಥವಾಗಿತ್ತು.

"ಅದನ್ನ ಮುಂದಕ್ಕೆ ಆಡಿದ್ರೆ ಹಳೇದು ಅಳಿಸಿಹೋಗುತ್ತೆ. ಬೆಂಕಿ ಮುಂದೆ ಕೂತದ್ದು ಮತ್ತೆ ಸಿಗಲ್ಲ."

"ನಕಲು ಮಾಡಿಟ್ಟುಕೊಂಡ್ರೆ?"

"ಆಟ ಒಪ್ಪಲ್ಲ. ಹಿಂದಕ್ಕೆ ಹೋಗೋ ದಾರಿ ಇರಬಾರದು ಅಂತ ನಿಮ್ಮಣ್ಣ ಹಟ ಹಿಡಿದ. ಆ ಬೀಗ ಬರೆದವನು ನಾನೇ. ಬಿಚ್ಚೋಕೆ ನನಗೇ ದಿನಗಟ್ಟಲೆ ಬೇಕು."

ಫೋನಿನಲ್ಲಿ ಅತ್ತಿಗೆ ಇನ್ನೂ ಇದ್ದಳು. "ಹಲೋ? ಏನೇ ಅದು ಗುಸುಗುಸು?"

"ಬಂದು ಹೇಳ್ತೀನಿ ಅತ್ತಿಗೆ."

ಅವಳು ಅತ್ತಿಗೆಯ ಮನೆ ತಲುಪಿದಾಗ ಮೂರಕ್ಕೆ ಸ್ವಲ್ಪ ಬಾಕಿ. ಬಾಗಿಲು ತೆರೆದಿತ್ತು. ಅತ್ತಿಗೆ ಕೊರಳಿಗೆ ಟೇಪು ಹಾಕಿಕೊಂಡು, ಒಂದು ಕರಿ ಕೋಟಿನ ತೋಳು ಬಿಚ್ಚುತ್ತಿದ್ದಳು. ಜಿಗಣೆ ಈ ಸಲ ಹೊಸ್ತಿಲು ದಾಟಿದಳು. ಎದುರಿನ ಸ್ಕ್ರೀನಿನಲ್ಲಿ ಬೆಂಕಿ ಉರಿಯುತ್ತಿತ್ತು. ಅಣ್ಣನ ಆಟಗಾರ ಬೆನ್ನು ಬಗ್ಗಿಸಿ ಕೂತಿದ್ದ. ಪಕ್ಕದಲ್ಲಿ ನಾಯಿ. ಅದರ ಹೊಟ್ಟೆ ನಿಧಾನವಾಗಿ ಏರಿ ಇಳಿಯುತ್ತಿತ್ತು. ಕೀಬೋರ್ಡಿನ ಮೇಲೆ ಧೂಳು ಕೂರದಂತೆ ಅತ್ತಿಗೆ ಲೈನಿಂಗ್ ಬಟ್ಟೆಯ ತುಂಡೊಂದನ್ನು ಹೊದಿಸಿದ್ದಳು.

ಜಿಗಣೆ ನಿಂತುಕೊಂಡೇ ಎಲ್ಲ ಹೇಳಿದಳು. ಬಾಗಿಲು, ಕೋಣೆ, ನಾಲ್ಕು ಗಂಟೆ, ಅಳಿಸಿಹೋಗುವ ಸೇವ್. ಏನನ್ನೂ ಮುಚ್ಚಿಡಲಿಲ್ಲ.

ಅತ್ತಿಗೆ ಸೂಜಿ ಕೋಟಿಗೇ ಚುಚ್ಚಿ ಇಟ್ಟಳು. "ಅಂದ್ರೆ ಇದನ್ನ ಕೇಳೋಕೆ ಬಂದಿದೀಯ."

"ಹೂಂ."

"ಕೊಡಲ್ಲ ಅಂದ್ರೆ?"

"ವಾಪಸ್ ಹೋಗ್ತೀನಿ. ಕೋಣೆ ತೆಗೀತಾರೆ."

"ಆ ಕೋಣೇಲಿ ಏನಿದೆ?"

"ತಾತ ಹೊರಗಿನ ಅಳತೆ ಮಾತ್ರ ನೋಡಿದಾನೆ. ಒಳಗೆ ಏನಿದೆ ಅಂತ ಗೊತ್ತಿದ್ದದ್ದು ಅಣ್ಣನಿಗೊಬ್ಬನಿಗೇ."

ಅತ್ತಿಗೆ ಸ್ಕ್ರೀನಿನ ಕಡೆ ನೋಡಿದಳು. "ಹಗಲು ರಾತ್ರಿ ಇದರ ಮುಂದೆ ಕೂರ್ತಿದ್ರು. ಏನು ನೋಡ್ತೀರಿ ಅಂದ್ರೆ, ನಾಯಿ ಏಳೋದನ್ನ ಕಾಯ್ತಿದೀನಿ ಅನ್ನೋರು. ಮನೇಲಿ ಗ್ಯಾಸ್ ಮುಗಿದಿದೆ, ನಿಮಗೆ ನಾಯಿ ಚಿಂತೆ ಅಂತ ಬೈದಿದೀನಿ. ಮಾರನೇ ದಿನಾನೇ..." ಅವಳು ಗೋಡೆ ಗಡಿಯಾರ ನೋಡಿದಳು. "ನಾನು ಇದನ್ನ ನೋಡ್ಕೊಂಡು ಹೊಲೀತೀನಿ ಕಣೇ. ರೇಡಿಯೋ ಬದಲು ಇದು."

ಕರೆಂಟ್ ಹೋಗಲು ಹೆಚ್ಚು ಹೊತ್ತಿಲ್ಲ ಎಂದು ಜಿಗಣೆ ಅವಸರಪಡಿಸಲಿಲ್ಲ.

ಅತ್ತಿಗೆ ಎದ್ದು ಲೈನಿಂಗ್ ಬಟ್ಟೆ ತೆಗೆದು ಮಡಚಿದಳು. "ನಾನೇ ನಡೆಸ್ತೀನಿ. ನೀನು ಹೇಳ್ಕೊಡು."

"ನಿಮಗೆ ಅಭ್ಯಾಸ ಇಲ್ಲ ಅತ್ತಿಗೆ."

"ಹೊಲಿಗೆ ಯಂತ್ರಾನೂ ಅಭ್ಯಾಸ ಇರಲಿಲ್ಲ. ಕೂತ್ಕೋ ಪಕ್ಕದಲ್ಲಿ."

ಜಿಗಣೆ ತನ್ನ ಫೋನನ್ನು ದಾರದ ಡಬ್ಬಿಗೆ ಒರಗಿಸಿ, ವೀಡಿಯೊ ಕರೆಯಲ್ಲಿ ಸ್ಕ್ರೀನ್ ಕಾಣುವಂತೆ ಇಟ್ಟಳು. ಆ ಕಡೆ ತಾತನ ಬಿಳಿ ತಲೆ, ಅದರ ಹಿಂದೆ ವ್ಯವಸ್ಥಾಪಕನ ಮುಖ ಕಂಡಿತು. "ಕಾಣ್ತಿದೆ, ಶುರು ಮಾಡಿ," ಅಂದ ವ್ಯವಸ್ಥಾಪಕ.

ಅತ್ತಿಗೆ ಒಂದು ಬೆರಳಿನಿಂದ ಕೀ ಒತ್ತಿದಳು. ಇಷ್ಟು ಕಾಲ ಕೂತಿದ್ದ ಆಟಗಾರ ಎದ್ದು ನಿಂತ. ಅತ್ತಿಗೆಯ ಬಾಯಿಂದ ಸಣ್ಣ ದನಿ ಹೊರಟಿತು. ನಾಯಿಯೂ ತಲೆ ಎತ್ತಿ, ಮುಂಗಾಲು ಊರಿ, ಎರಡನೇ ಪ್ರಯತ್ನಕ್ಕೆ ಎದ್ದಿತು.

"ನಿಧಾನ ಅತ್ತಿಗೆ. ನೀವು ಓಡಿದ್ರೆ ಅದು ನಿಂತುಬಿಡುತ್ತೆ."

"ಗೊತ್ತು. ಬಲಗಾಲು ನೋಯುತ್ತೆ ಅದಕ್ಕೆ."

ಅಂಗಳ ದಾಟಿದರು. ಬಾಗಿಲು, ಉದ್ದನೆಯ ಕತ್ತಲೆ ಹಾದಿ, ಮೆಟ್ಟಿಲು. ಅತ್ತಿಗೆ ಎರಡು ಮೆಟ್ಟಿಲಿಗೊಮ್ಮೆ ನಿಂತು ಹಿಂದೆ ತಿರುಗಿ ನೋಡಿದಳು. ನಡುಮೆಟ್ಟಿಲಿಗೆ ಬಂದಾಗ ಸ್ಕ್ರೀನ್ ನಿಂತಿತು. ಲಾಂದ್ರದ ಜ್ವಾಲೆ ಅಲ್ಲಾಡಲಿಲ್ಲ. ನಾಯಿಯ ಒಂದು ಕಾಲು ಗಾಳಿಯಲ್ಲೇ ಉಳಿಯಿತು. ಕಂಪ್ಯೂಟರಿನ ಒಳಗಿನ ಫ್ಯಾನು ಕಿರುಚತೊಡಗಿತು.

"ಇದೇ ನಾನು ಹೇಳಿದ್ದು," ಅಂದ ವ್ಯವಸ್ಥಾಪಕ.

"ಕೈ ಹಚ್ಚಬೇಡಿ," ತಾತನ ದನಿ. "ಕಂಪ್ಯೂಟರ್ ಆ ಕೋಣೇನ ಒಳಗೆ ತುಂಬ್ಕೊಳ್ತಾ ಇದೆ. ಒಂದು ಕೀ ಒತ್ತಿದ್ರೂ ಆಟ ಬಿದ್ದುಹೋಗುತ್ತೆ."

ಅತ್ತಿಗೆ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡಳು. ಆಗ ತಲೆಯ ಮೇಲಿನ ದೀಪ ಆರಿತು. ಬೀದಿಯಲ್ಲೆಲ್ಲೋ ಒಂದು ಗ್ರೈಂಡರ್ ಸದ್ದು ನಿಂತಿತು. ಮೇಜಿನ ಕೆಳಗೆ ಯುಪಿಎಸ್ ಕುಂಯ್ ಎಂದಿತು, ಬಿಟ್ಟು ಮತ್ತೆ ಕುಂಯ್ ಎಂದಿತು.

"ಅದು ಎಷ್ಟು ಹೊತ್ತು ತಡೆಯುತ್ತೆ?" ತಾತ ಕೇಳಿದ.

"ಹಳೇದು," ಅಂದಳು ಅತ್ತಿಗೆ. "ಬದಲಾಯಿಸ್ಬೇಕು ಅಂತಿದ್ರು."

ಜಿಗಣೆಯ ಕೈ ತಾನಾಗಿ ಕೀಬೋರ್ಡಿನ ಕಡೆ ಹೋಯಿತು. ಸಿಕ್ಕಿಹಾಕಿಕೊಂಡ ಆಟವನ್ನು ಕೀ ಒತ್ತಿ ಒತ್ತಿ ಬಿಡಿಸುವುದು ಅವಳಿಗೆ ಅಭ್ಯಾಸ. ಅತ್ತಿಗೆ ಅವಳ ಮಣಿಕಟ್ಟು ಹಿಡಿದುಕೊಂಡಳು, ಬಿಡಲಿಲ್ಲ. ಯುಪಿಎಸ್ಸಿನ ಕುಂಯ್ ನಡುವಿನ ಬಿಡುವು ಕಡಿಮೆಯಾಗುತ್ತಾ ಬಂತು.

ನಾಯಿಯ ಕಾಲು ಮೆಟ್ಟಿಲಿಗೆ ಇಳಿಯಿತು. ಲಾಂದ್ರ ಮತ್ತೆ ಆಡಿತು.

"ಹೋಗಿ ಅತ್ತಿಗೆ, ಹೋಗಿ."

"ಅದು ಬರ್ಲಿ."

ಬಾಗಿಲ ಮುಂದೆ ಆಟಗಾರ ನಿಂತ. ನಾಯಿ ಅವನನ್ನು ದಾಟಿ ಮುಂದೆ ಹೋಯಿತು, ಬುಡದ ಸಡಿಲ ಹಲಗೆಯನ್ನು ಮೂಸಿತು, ತಲೆಯಿಂದ ತಳ್ಳಿ ಒಳಗೆ ತೂರಿಕೊಂಡಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಚಿಲಕ ಸರಿದ ಸದ್ದು. ಬಾಗಿಲು ತೆರೆಯಿತು.

ಚಿಕ್ಕ ಕೋಣೆ. ಒಂದು ಮಂಚ. ಅದರ ಮೇಲೆ ಒಬ್ಬ ಮನುಷ್ಯ ಕಂಬಳಿ ಹೊದ್ದು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕಂಬಳಿಯ ಮೇಲೆ ಹಿಮದ ಪುಡಿ. ಕಂಬಳಿ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಮಂಚದ ಕೆಳಗೆ ನಾಯಿಯ ಊಟದ ತಟ್ಟೆ. ನಾಯಿ ಮಂಚ ಹತ್ತಲು ನೋಡಿತು, ಆಗಲಿಲ್ಲ, ಮತ್ತೆ ನೋಡಿತು, ಹತ್ತಿತು. ಮಲಗಿದವನ ಪಾದದ ಮೇಲೆ ಗಲ್ಲ ಇಟ್ಟು ಕಣ್ಣು ಮುಚ್ಚಿತು.

ಕಾವಲುಗಾರ ಸಿಕ್ಕಿದ್ದ. ಫೋನಿನಲ್ಲಿ ವ್ಯವಸ್ಥಾಪಕ ಕೆಮ್ಮಿದ. "ಆಯ್ತು. ನೋಡಿದೆ. ಕೋಣೆ ಇರುತ್ತೆ."

"ಜಿಗಣೆ, ಇಲ್ಲಿ ಕೇಳು," ತಾತ ಅವಸರದಲ್ಲಿ ಹೇಳಿದ. "ಸೇವ್ ಆಗೋದು ಬಾಗಿಲು ತೆರೆದಾಗ ಅಲ್ಲ. ನೀವು ಹೊರಗೆ ಬಂದು ಬಾಗಿಲು ಮುಚ್ಚಿದಾಗ. ಈಗಷ್ಟೇ ಕಣ್ಣಿಗೆ ಬಿತ್ತು. ಇಲ್ಲೇ ಬಿಟ್ಬಿಡಿ. ಕರೆಂಟ್ ತಾನಾಗೇ ಹೋಗಲಿ. ಹಳೇದು ಹಾಗೇ ಉಳಿಯುತ್ತೆ. ಬೆಂಕಿ, ನಾಯಿ, ಎಲ್ಲ."

ಜಿಗಣೆ ಅತ್ತಿಗೆಯ ಭುಜ ಹಿಡಿದಳು. "ಕೇಳಿಸ್ತಾ ಅತ್ತಿಗೆ? ಸುಮ್ನೆ ಕೂತ್ಕೊಳ್ಳಿ. ಅಣ್ಣನದು ಹೋಗಲ್ಲ."

ಯುಪಿಎಸ್ ಈಗ ಬಿಡುವಿಲ್ಲದೆ ಕೂಗುತ್ತಿತ್ತು. ಅತ್ತಿಗೆ ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ.

"ಹಾಗಾದ್ರೆ ನಾಯಿ ಮತ್ತೆ ಹೊರಗೆ?"

"ಹೂಂ. ಬೆಂಕಿ ಹತ್ರ. ಮೊದಲಿನ ಹಾಗೇ."

"ಇಷ್ಟು ದೂರ ಕುಂಟ್ಕೊಂಡು ಬಂದಿದೆ," ಅಂದಳು ಅತ್ತಿಗೆ. "ಅವರು ಇದನ್ನ ಇಲ್ಲಿಗೆ ಕರ್ಕೊಂಡು ಬರೋಕೆ ತಾನೆ ಕಾಯ್ತಾ ಕೂರ್ತಿದ್ದದ್ದು?"

"ಅತ್ತಿಗೆ, ಆಮೇಲೆ ಮತ್ತೆ ಸಿಗಲ್ಲ."

"ಗೊತ್ತಮ್ಮ."

ಅವಳು ಆಟಗಾರನನ್ನು ತಿರುಗಿಸಿದಳು. ಹೊಸ್ತಿಲಲ್ಲಿ ಒಮ್ಮೆ ನಿಂತಳು. ನಾಯಿ ಕಿವಿ ಅಲ್ಲಾಡಿಸಿತು, ಏಳಲಿಲ್ಲ. ಅವಳು ಹೊರಗೆ ಬಂದಳು. ಬಾಗಿಲು ತಾನಾಗಿ ಮುಚ್ಚಿತು, ಚಿಲಕ ಬಿತ್ತು, ಸ್ಕ್ರೀನಿನ ಮೂಲೆಯಲ್ಲಿ ಸೇವ್ ಆದ ಗುರುತು ಮಿನುಗಿತು. ಅದು ಮಿನುಗಿ ಮುಗಿಯುವುದಕ್ಕೂ ಯುಪಿಎಸ್ ಸೋಲುವುದಕ್ಕೂ ಸರಿಹೋಯಿತು. ಸ್ಕ್ರೀನ್ ಕಪ್ಪಾಯಿತು. ಫ್ಯಾನು ಸುತ್ತಿ ಸುತ್ತಿ ನಿಂತಿತು. ಆ ಕೋಣೆಯಲ್ಲಿ ಅಂಥ ನಿಶ್ಶಬ್ದ ತಿಂಗಳುಗಳಿಂದ ಇರಲಿಲ್ಲ.

ಅತ್ತಿಗೆ ಲೈನಿಂಗ್ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಜಿಗಣೆ ಫೋನ್ ಮಗುಚಿ ಹಾಕಿದಳು.

ಆಫೀಸಿಗೆ ಹಿಂದಿರುಗಿ ಅವಳು ಮಾಡಿದ ಕೆಲಸ ಒಂದೇ. ತೆರೆಯದ ಬಾಗಿಲಿನ ಮೇಲೆ, ಸಡಿಲ ಹಲಗೆಯ ಮೇಲೆ ತಾನೇ ಹಾಕಿದ್ದ ಎರಡು ದೂರುಗಳನ್ನು ತೆರೆದು, ಎರಡಕ್ಕೂ 'ದೋಷವಲ್ಲ' ಎಂದು ಬರೆದು ಮುಚ್ಚಿದಳು. ವ್ಯವಸ್ಥಾಪಕ ಬಂದು, ಆಟಗಾರರಿಗೆ ಎಲ್ಲಾದರೂ ಒಂದು ಸುಳಿವು ಹಾಕೋಣವೇ ಎಂದು ಕೇಳಿದ. ತಾತ ಅವಳ ಪರವಾಗಿ ಬೇಡವೆಂದು ತಲೆ ಅಲ್ಲಾಡಿಸಿದ. ವ್ಯವಸ್ಥಾಪಕ ಒತ್ತಾಯಿಸಲಿಲ್ಲ. ಗೇಮ್ ಐದಕ್ಕೆ ಹೋಯಿತು.

ಸಂಜೆ ಅವಳು ಮತ್ತೆ ಅತ್ತಿಗೆಯ ಮನೆಗೆ ಹೋದಾಗ ಕರೆಂಟ್ ಆಗಲೇ ಬಂದಿತ್ತು. ಚೀಟಿಯಲ್ಲಿ ಹೇಳಿದ್ದಕ್ಕಿಂತ ಮೊದಲೇ. ಕರಿ ಕೋಟಿನ ತೋಳು ಹಾಗೇ ಬಿಚ್ಚಿ ಬಿದ್ದಿತ್ತು. ಅತ್ತಿಗೆ ಕಂಪ್ಯೂಟರಿನ ಮುಂದೆ ಕೂತಿದ್ದಳು. ಹೊಸ ಆಟ. ಬೆಟ್ಟದ ಬುಡ, ಹಿಮ, ತೂಗುಸೇತುವೆಯ ಈ ಕಡೆ ನಾಯಿ ನಿಂತು ಬೊಗಳುತ್ತಿತ್ತು. ಅತ್ತಿಗೆಯ ಕಣ್ಣು ಊದಿಕೊಂಡಿತ್ತು, ಆದರೆ ಹುಬ್ಬು ಗಂಟಿಕ್ಕಿತ್ತು, ದಾರ ಸಿಕ್ಕಾದಾಗ ಗಂಟಿಕ್ಕುವ ಹಾಗೆ.

"ಎಷ್ಟು ಕರೆದ್ರೂ ಬರಲ್ಲ ಇದು. ಸೇತುವೆ ದಾಟಿಸೋದು ಹೇಗೇ?"

ಜಿಗಣೆ ಚಪ್ಪಲಿ ಬಿಟ್ಟು ಬಂದು, ಕೋಟನ್ನು ಸರಿಸಿ, ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕೂತಳು.

"ಹೇಳಲ್ಲ ಅತ್ತಿಗೆ."

ಅತ್ತಿಗೆ ತಿರುಗಿ ಅವಳನ್ನು ದುರುಗುಟ್ಟಿ ನೋಡಿದಳು. "ನಿಮ್ಮ ಮನೆತನವೇ ಇಷ್ಟು," ಎಂದು ಮತ್ತೆ ಸೇತುವೆಯ ಕಡೆ ತಿರುಗಿದಳು.